ಮೆಟ್ಟಿಲು ಹತ್ತಬಾರದ ಕಾಯಿಲೆ

ಅನೋ ಮೆಲೀಸಾದಲ್ಲಿ ಖಾಲಿ ಮನೆಗಳಿಗೆ ಬರವಿರಲಿಲ್ಲ. ಕ್ರೀಟ್ ದ್ವೀಪದ ಆ ಗುಡ್ಡದೂರಿನಲ್ಲಿ ಎತ್ತ ನೋಡಿದರೂ ಬೀಗ ಬಿದ್ದ ಬಾಗಿಲು, ಬಣ್ಣ ಸುಲಿದ ಕಿಟಕಿ, ಅಂಗಳದಲ್ಲಿ ಕೀಳುವವರಿಲ್ಲದೆ ಉದುರಿ ಬಿದ್ದ ನಿಂಬೆಹಣ್ಣು. ಆದರೆ ಬಾಡಿಗೆಗೆ ಮನೆ ಒಂದೂ ಇರಲಿಲ್ಲ. ಈ ಎರಡು ಮಾತೂ ಒಟ್ಟಿಗೆ ನಿಜವಾಗಿರುವುದು ಹೇಗೆಂದು ಮೂರನೆಯ ಚಳಿಗಾಲ ಮುಗಿಯುತ್ತ ಬಂದರೂ ವಿಲ್ಮಾಗೆ ಅರ್ಥವಾಗಿರಲಿಲ್ಲ.

ವಿಲ್ಮಾ ಹಾಲೆಂಡಿನವಳು. ಅಲ್ಲಿ ಹಲ್ಲಿನ ಡಾಕ್ಟರೊಬ್ಬರ ಕೈಕೆಳಗೆ ಜೀವಮಾನವಿಡೀ ದುಡಿದು, ಜನರ ತೆರೆದ ಬಾಯಿಗಳನ್ನೂ ಮುಚ್ಚಿಕೊಂಡ ಆಕಾಶವನ್ನೂ ನೋಡಿ ನೋಡಿ ಸಾಕಾಗಿ, ಬಿಸಿಲು ಹುಡುಕಿಕೊಂಡು ಬಂದವಳು. ಇಲ್ಲಿ ಸ್ತ್ರಾತಿಸನ ಕಾಫಿ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಆ ಕೋಣೆ ಚಳಿಗಾಲಕ್ಕೆ ಮಾತ್ರ ಅವಳದು. ಈಸ್ಟರ್ ಕಳೆದು ಪ್ರವಾಸಿಗರು ಬರತೊಡಗಿದರೆ ಗಂಟುಮೂಟೆ ಕಟ್ಟಬೇಕು. ಹೀಗೆ ಎರಡು ವರ್ಷ ಬಿಸಿಲಿನ ನಾಡಿನಲ್ಲಿ ಚಳಿಗಾಲವನ್ನೂ ಮಳೆಯ ನಾಡಿನಲ್ಲಿ ಬೇಸಿಗೆಯನ್ನೂ ಕಳೆದು, ಎರಡೂ ಕಡೆ ನಡುಗಿದ್ದಳು. ಈ ಸಲ ಅಲ್ಲಿಯ ಮನೆಯನ್ನು ಬಿಟ್ಟುಕೊಟ್ಟೇ ಬಂದಿದ್ದಳು. ಹಬ್ಬದೊಳಗೆ ಇಲ್ಲಿ ಮನೆ ಸಿಗದಿದ್ದರೆ ತಂಗಿಯ ಮನೆಯಲ್ಲಿ ಒದ್ದೆ ಬಟ್ಟೆ ಹರವುವ ಕೋಣೆಯೇ ಗತಿ.

ಅವಳು ಊರಿನ ಒಂದೊಂದೇ ಬಾಗಿಲು ಬಡಿದಳು. ಎಲ್ಲರೂ ನಗುನಗುತ್ತ ಒಳಗೆ ಕರೆದು, ನೆಂಟರಿಗಾಗಿ ಮುಚ್ಚಿಟ್ಟ ಒಳ್ಳೆಯ ಕೋಣೆಯಲ್ಲಿ ಕೂರಿಸಿದರು. ಮನೆಯ ಮಾತು ತೆಗೆದರೆ "ನೋಡೋಣ" ಎಂದರು, "ಹಬ್ಬ ಕಳೀಲಿ" ಎಂದರು. ಇಲ್ಲ ಎಂದು ಒಬ್ಬರೂ ಹೇಳಲಿಲ್ಲ. ಇಲ್ಲ ಎಂದಿದ್ದರೆ ಅವಳ ಕಾಲುನೋವು ಅರ್ಧದಷ್ಟಾದರೂ ತಪ್ಪುತ್ತಿತ್ತು.

"ಇವತ್ತು ಎಲ್ಲಿಗೆ ಹೋಗಿದ್ರಿ ವಿಲ್ಮಮ್ಮ?" ಎಂದು ಸ್ತ್ರಾತಿಸ್ ಮೇಜು ಒರೆಸುತ್ತ ಕೇಳಿದ.

"ಬೇಕರಿ ಹಿಂದಿನ ಮನೆಗೆ. ತುಂಬ ಒಳ್ಳೆ ಜನ."

"ಏನು ಕೊಟ್ರು?"

"ಮನೆ ಕೊಡ್ತೀವಿ ಅನ್ನಲಿಲ್ಲ. ಕೊಡಲ್ಲ ಅಂತಾನೂ ಅನ್ನಲಿಲ್ಲ."

"ಮನೆ ವಿಷ್ಯ ಬಿಡಿ. ತಿನ್ನೋಕೆ ಏನು ಕೊಟ್ರು?"

"ಕಾಫಿ. ಆಮೇಲೆ ಸಕ್ಕರೆ ಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ. ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಮಾಂಸ ಮಾಡಿಲ್ಲ, ಇದು ಉಪವಾಸಕ್ಕೂ ನಡೆಯತ್ತೆ ಅಂತ ಹೇಳಿ ಒಂದು ತಟ್ಟೆ ಹುರಿದ ಬಸವನಹುಳು. ಒಂದಿಷ್ಟು ರಾಕಿ ಸಾರಾಯಿ."

ಸ್ತ್ರಾತಿಸ್ ಬಟ್ಟೆಯನ್ನು ಮೇಜಿನ ಮೇಲೆ ಎಸೆದ. "ಕೆಡ್ತು! ತಮ್ಮನೇಲಿ ಉಂಡವರ ಹತ್ರ ಬಾಡಿಗೆ ಕೇಳೋ ಮುಖ ಈ ಊರಲ್ಲಿ ಯಾರಿಗಿದೆ? ತಿಂದ ಗಳಿಗೆಗೇ ನೀವು ಅತಿಥಿ ಆದ್ರಿ. ಅತಿಥಿ ಹತ್ರ ಬಾಡಿಗೆ ಕೇಳೋ ಹಾಗಿಲ್ಲ. ಬಾಡಿಗೆ ಇಲ್ಲ ಅಂದ್ಮೇಲೆ ಮನೆ ಯಾಕೆ ಕೊಡ್ತಾರೆ?"

"ಮತ್ತೆ ನೀವು ನನ್ನ ಹತ್ರ ಬಾಡಿಗೆ ತಗೋತೀರಲ್ಲ?"

"ನಾನು ಯಾವತ್ತಾದ್ರೂ ನಿಮಗೆ ಬಿಟ್ಟಿ ಕಾಫಿ ಕೊಟ್ಟಿದೀನಾ? ನಿಮ್ಮ ಒಳ್ಳೇದಕ್ಕೇ ಮೂರು ವರ್ಷದಿಂದ ಮನಸ್ಸು ಕಲ್ಲು ಮಾಡ್ಕೊಂಡಿದೀನಿ."

ಇಷ್ಟು ದಿನ ಅವನನ್ನು ಜುಗ್ಗನೆಂದು ತಿಳಿದಿದ್ದಕ್ಕೆ ವಿಲ್ಮಾಗೆ ನಾಚಿಕೆಯಾಯಿತು.

"ಅರ್ಗಿರೊ ಮುದುಕಿ ಹತ್ರ ಹೋಗಿ" ಎಂದ ಅವನು. "ಅವಳಮ್ಮನ ಮನೆ ಪಕ್ಕದಲ್ಲೇ ಖಾಲಿ ಬಿದ್ದಿದೆ. ಆದ್ರೆ ಅಲ್ಲಿ ತುಟಿಗೆ ನೀರೂ ತಾಗಿಸಬೇಡಿ."

"ತಿನ್ನಲ್ಲ ಅಂದ್ರೆ ಬೇಜಾರು ಮಾಡ್ಕೊಳಲ್ವಾ?"

"ಮಾಡ್ಕೋತಾಳೆ. ಹೊಟ್ಟೆ ಸರಿಯಿಲ್ಲ ಅನ್ನಿ. ಹೊಟ್ಟೆ ಮೇಲೆ ಯಾರ ಜೋರೂ ನಡೆಯಲ್ಲ."

ಮರುದಿನ ವಿಲ್ಮಾ ಹೋದಾಗ ಅರ್ಗಿರೊ ಬಾಗಿಲಲ್ಲಿ ಕುಳಿತು ಗುಡ್ಡದಿಂದ ಕಿತ್ತು ತಂದ ಸೊಪ್ಪು ಸೋಸುತ್ತಿದ್ದಳು. ಗಂಡ ಸತ್ತಂದಿನಿಂದ ಉಟ್ಟ ಕಪ್ಪು ಬಟ್ಟೆ ಬಿಸಿಲಿಗೆ ಕಂದು ತಿರುಗಿತ್ತು. ಪಕ್ಕದ ಮನೆ ಪುಟ್ಟದು. ದಪ್ಪ ಗೋಡೆ, ಒಂದೇ ಕೋಣೆ, ಒಲೆ, ಮೆಟ್ಟಿಲಿಲ್ಲದ ಹೊಸ್ತಿಲು. ಕಿಟಕಿಯಲ್ಲಿ ಇಣುಕಿದ ವಿಲ್ಮಾ ಮನಸ್ಸಿನಲ್ಲೇ ತನ್ನ ಕುರ್ಚಿಯನ್ನು ಒಲೆಯ ಪಕ್ಕಕ್ಕೆ ಹಾಕಿಕೊಂಡಳು. ತಿರುಗಿ ನೋಡಿದರೆ ಅರ್ಗಿರೊ ಆಗಲೇ ಸಿಹಿಯ ತಟ್ಟೆ ಹಿಡಿದು ನಿಂತಿದ್ದಳು.

"ಬೇಡ ದೊಡ್ಡಮ್ಮ. ಹೊಟ್ಟೆ ಸರಿಯಿಲ್ಲ."

"ಯಾವಾಗಿಂದ?"

"ನಿನ್ನೆಯಿಂದ" ಎಂದಳು ವಿಲ್ಮಾ. ಸುಳ್ಳು ಹೇಳಿ ರೂಢಿಯಿಲ್ಲದ್ದರಿಂದ ಅವಳ ಮುಖ ಕೆಂಪಾಯಿತು.

"ಜ್ವರಾನೂ ಇದೆ" ಎಂದು ಅರ್ಗಿರೊ ತೀರ್ಮಾನಿಸಿದಳು. ತಟ್ಟೆ ಕೆಳಗಿಟ್ಟು, ಅವಳನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿ, ಹೊಕ್ಕುಳ ಸುತ್ತ ಹೆಬ್ಬೆರಳು ಊರಿದಳು. ವಿಲ್ಮಾ ನೋವಿಗೆ ಕಿರುಚಿದಳು. ಆ ಹೆಬ್ಬೆರಳಿಗೆ ಯಾರೇ ಆದರೂ ಕಿರುಚುತ್ತಿದ್ದರು.

"ಬಟ್ಟಿ ಬಿದ್ದಿದೆ ಮಗಳೇ! ಭಾರದ್ದೇನೋ ಎತ್ತಿದೀಯ, ಹೊಕ್ಕುಳು ಜಾಗ ಬಿಟ್ಟು ಸರಿದಿದೆ. ಇನ್ಮೇಲೆ ಕೊಡ ಎತ್ತಬಾರದು, ಬಗ್ಗಬಾರದು, ಮೆಟ್ಟಿಲಂತೂ ಹತ್ತಲೇಬಾರದು."

"ನನ್ನ ಕೋಣೆ ಇರೋದೇ ಮಹಡಿ ಮೇಲೆ."

"ಗೊತ್ತು" ಎಂದಳು ಅರ್ಗಿರೊ, ಸೊಂಟದಿಂದ ಬೀಗದ ಕೈ ತೆಗೆಯುತ್ತ.

ಹೀಗೆ ವಿಲ್ಮಾ ಸಂಜೆಯೊಳಗೆ ಆ ಮನೆಯಲ್ಲಿ, ಅರ್ಗಿರೊಳ ತಾಯಿಯ ಮಂಚದಲ್ಲಿ, ಕುರಿಯುಣ್ಣೆಯ ಎರಡು ಕಂಬಳಿಗಳ ಕೆಳಗೆ ಇದ್ದಳು. ಮನೆ ಕೇಳಿದಾಗ ಆಕಾಶ ನೋಡಿದವರೆಲ್ಲ ಈಗ ಸಾಲಾಗಿ ಬಂದರು. ಒಬ್ಬಳು ಬೆಟ್ಟದ ಸೊಪ್ಪಿನ ಕಷಾಯ ತಂದಳು, ಇನ್ನೊಬ್ಬಳು ಬಾರ್ಲಿಯ ಒಣರೊಟ್ಟಿ ತಂದಳು. ಬಂದವರೆಲ್ಲ ಹೊಕ್ಕುಳು ಒತ್ತಿ ನೋಡಿದರು. ಎಡಕ್ಕೆ ಸರಿದಿದೆ ಎಂದು ಕೆಲವರು, ಬಲಕ್ಕೆ ಎಂದು ಕೆಲವರು ಮಂಚದ ಎರಡೂ ಕಡೆ ನಿಂತು ವಾದ ಮಾಡಿದರು. ಸ್ತ್ರಾತಿಸ್ ಅವಳ ಸಾಮಾನನ್ನೆಲ್ಲ ತಾನೇ ಹೊತ್ತು ತಂದು ಇಟ್ಟ. ಅಷ್ಟರಲ್ಲೇ ಮಹಡಿಯ ಕೋಣೆಗೆ ಸುಣ್ಣ ಹೊಡೆಸಲು ಶುರುಮಾಡಿಯೂ ಆಗಿತ್ತು.

ವಿಲ್ಮಾ ಅರ್ಗಿರೊಳ ಹತ್ತಿರ ಬಾಡಿಗೆಯ ಮಾತೆತ್ತಿದಳು.

"ಹಾಸಿಗೆ ಹಿಡಿದವಳ ಹತ್ರ ಬಾಡಿಗೆ ತಗೊಳೋದಾ? ಜನ ನನ್ನ ಮುಖಕ್ಕೆ ಉಗೀತಾರೆ. ಮೊದ್ಲು ವಾಸಿಯಾಗು, ಆಮೇಲೆ ನೋಡೋಣ."

ವಾಸಿಯಾದರೆ ಮಾತು ಮತ್ತೆ "ನೋಡೋಣ"ಕ್ಕೇ ಬಂದು ನಿಲ್ಲುತ್ತದೆ. ಆದ್ದರಿಂದ ವಿಲ್ಮಾ ವಾಸಿಯಾಗಲಿಲ್ಲ. ಬೆಳಗಿನ ಬಿಸಿಲು ಒಳಗೆ ಬೀಳುವಾಗ ಬಾಗಿಲಿಗೆ ಅಗಳಿ ಹಾಕಿ, ಮಂಚವನ್ನು ಎಳೆದು ಗುಡಿಸಿ, ಮತ್ತೆ ಮಲಗುತ್ತಿದ್ದಳು. ಹುಟ್ಟಿದಂದಿನಿಂದ ಅವಳ ಮೈ ಇಷ್ಟು ಚೆನ್ನಾಗಿದ್ದುದೇ ಇಲ್ಲ. ಮನಸ್ಸು ಮಾತ್ರ ಕೊರೆಯುತ್ತಿತ್ತು. ಯಾರೋ ತಮ್ಮ ಪಾಲಿನ ಎಣ್ಣೆ ಉಳಿಸಿ ತಂದ ಸಾರನ್ನು ಹೊಟ್ಟೆ ತುಂಬ ಉಂಡು ನರಳುವುದು ಅವಳ ಕೈಲಾಗದ ಕೆಲಸ.

ಈಸ್ಟರಿನ ಹಿಂದಿನ ದಿನ ಅವಳು ಎದ್ದು ನಿಂತೇಬಿಟ್ಟಳು.

"ದೊಡ್ಡಮ್ಮ, ನನಗೆ ಏನೂ ಆಗಿಲ್ಲ. ಸುಳ್ಳು ಹೇಳಿದೆ. ಮನೆ ಬೇಕಿತ್ತು."

ಅರ್ಗಿರೊ ಹಬ್ಬಕ್ಕೆಂದು ಕೆಂಪು ಬಣ್ಣ ಹಾಕಿದ ಮೊಟ್ಟೆಗಳಿಗೆ ಎಣ್ಣೆ ಸವರುತ್ತಿದ್ದಳು. ತಲೆ ಎತ್ತಲಿಲ್ಲ.

"ಗೊತ್ತು. ಬಟ್ಟಿ ಬಿದ್ದವಳು ನಿನ್ನಷ್ಟು ಬೇಯಿಸಿದ ಕಾಳು ತಿಂತಾಳಾ?"

"ಹಾಗಾದ್ರೆ ಯಾಕೆ ಇಟ್ಕೊಂಡ್ರಿ?"

"ಬಾಗಿಲು ಹಾಕಿದ ಮನೆ ಪಕ್ಕ ಮಲಗಿ ಮಲಗಿ ಸಾಕಾಗಿತ್ತು. ಗೋಡೆ ಆ ಕಡೆಯಿಂದ ಯಾರಾದ್ರೂ ಕೆಮ್ಮಿದ್ರೆ ನಂಗೆ ನಿದ್ದೆ ಬರತ್ತೆ." ಮುದುಕಿ ಕೈ ಒರೆಸಿಕೊಂಡಳು. "ಕೇಳು. ಈ ಮನೇಲಿ ನನ್ನ ತಮ್ಮಂದಿರಿಗೂ ತಂಗಿಗೂ ಪಾಲಿದೆ. ನಾನು ಬಾಡಿಗೆ ಮುಟ್ಟಿದ ದಿನವೇ ಎಲ್ಲರೂ ವಕೀಲರನ್ನ ಕರ್ಕೊಂಡು ಬರ್ತಾರೆ. ಕಾಯಿಲೆಯವಳನ್ನ ಮಲಗಿಸಿದ್ರೆ ಯಾರು ಏನಂತಾರೆ? ನಾಳೆ ಪಾವ್ಲಿಸ್ ಬರ್ತಾನೆ. ನನ್ನ ದೊಡ್ಡ ತಮ್ಮ. ಬಾಡಿಗೆಯವಳು ಅಂತ ಅವನಿಗೆ ಅನ್ನಿಸ್ತೋ, ನಾಳೆಯೇ ಬೀಗ. ಎದ್ದು ನಿಂತ್ಕೋತೀಯೋ ಮಲಗ್ತೀಯೋ, ನಿನ್ನಿಷ್ಟ."

ಮರುದಿನ ಪಾವ್ಲಿಸ್ ಕೋಟು ತೊಟ್ಟು, ಹಬ್ಬಕ್ಕೆ ಸುಟ್ಟ ಕುರಿಮರಿಯ ವಾಸನೆಯೊಂದಿಗೇ ಒಳಗೆ ಬಂದ. ಗೋಡೆ ನೋಡಿದ, ಸೂರು ನೋಡಿದ, ಕೊನೆಗೆ ಮಂಚ ನೋಡಿದ.

"ಈಗ ಹೇಗಿದೆ?"

ನೋವಾಗುವುದಿದ್ದರೆ ನೋವಾಗುತ್ತದೆ ಎಂದೇ ಜೀವಮಾನವಿಡೀ ರೋಗಿಗಳಿಗೆ ನಿಜ ಹೇಳಿದ್ದ ವಿಲ್ಮಾ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. "ಮೆಟ್ಟಿಲು ಕಂಡ್ರೇ ಹೊಟ್ಟೆ ಹಿಂಡತ್ತೆ" ಎಂದಳು.

"ಅಯ್ಯೋ ಪಾಪ. ವಾಸಿಯಾಗೋಕೆ ಎಷ್ಟು ದಿನ?"

"ವರ್ಷಗಳೇ ಹಿಡೀಬಹುದು" ಎಂದಳು ಅರ್ಗಿರೊ.

ಪಾವ್ಲಿಸ್ ಮತ್ತೆ ಸೂರಿನತ್ತ ಕತ್ತೆತ್ತಿದ. "ಮಳೆಗಾಲದಲ್ಲಿ ಇದು ಸೋರತ್ತೆ. ನಾವು ನಾಲ್ಕು ಜನ ರಿಪೇರಿ ಬಗ್ಗೆ ಇನ್ನೂ ಒಂದು ಮಾತಿಗೆ ಬಂದಿಲ್ಲ. ಕಾಯಿಲೆ ಮೈಗೆ ಥಂಡಿ ಒಳ್ಳೇದಲ್ಲ. ನೀವೇ ಹೆಂಚು ಹಾಕಿಸ್ಕೊಂಡ್ರೆ ನಾವು ಬೇಡ ಅನ್ನೋಕಾಗತ್ತಾ? ಅದು ಬಾಡಿಗೆ ಅಲ್ಲವಲ್ಲ. ಔಷಧದ ಖರ್ಚು."

"ಔಷಧದ ಖರ್ಚು" ಎಂದು ವಿಲ್ಮಾ ಕ್ಷೀಣವಾಗಿ ಒಪ್ಪಿದಳು.

"ಬಾಗಿಲಿಗೂ ಗೆದ್ದಲು ಹಿಡಿದಿದೆ" ಎಂದು ಅವನು ಹೊರಡುವಾಗ ನೆನಪಿಸಿದ. "ಅದೂ ಥಂಡಿನೇ."

ಅವನ ಹೆಜ್ಜೆ ಸದ್ದು ಓಣಿಯಲ್ಲಿ ಇಳಿದುಹೋಯಿತು. ಅರ್ಗಿರೊ ಮಾಂಸದ ತಟ್ಟೆ ತಂದು ಮಂಚದ ಪಕ್ಕ ಇಟ್ಟಳು. ವಿಲ್ಮಾ ಕಂಬಳಿ ಒದ್ದು ನೆಗೆದು ಕುಳಿತಳು.

"ಮೆಲ್ಲಗೆ ಏಳು ಮಗಳೇ" ಎಂದಳು ಮುದುಕಿ. "ಕಿಟಕಿ ತೆಗೆದಿದೆ."