ಅರ್ಧ ನೇಯ್ದ ಲೆಕ್ಕ

ಗಜೇಂದ್ರಗಡದ ಜುಲೇಖಾಳ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಹೊರಗಿನವರು ಹೊಸ್ತಿಲು ತುಳಿಯುವ ಮೊದಲೇ ಮಗ್ಗದ ಮೇಲೆ ಹಳೆಯ ಚಾದರ ಬಿದ್ದಿರಬೇಕು. ಅರ್ಧ ನೇಯ್ದ ಸೀರೆಯನ್ನು ಪರರ ಕಣ್ಣಿಗೆ ಬೀಳಗೊಡಬಾರದು. ಕೊನೆಯ ಎಳೆ ಬಿದ್ದು, ಸೀರೆ ಮಗ್ಗದಿಂದ ಇಳಿದು, ಮಡಿಕೆಯಾದ ಮೇಲೆ ಬೇಕಾದರೆ ಊರೆಲ್ಲ ನೋಡಲಿ. ಮಗಳು ನಾಹೀದ ಎದ್ದು ನಿಲ್ಲುವುದನ್ನು ಕಲಿತದ್ದೇ ಆ ಚಾದರದ ತುದಿ ಹಿಡಿದುಕೊಂಡು.

ನಾಹೀದ ಈಗ ಊರ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಕಾಲೇಜಿನ ಮೂಲೆಯ ಕೋಣೆಯಲ್ಲಿ ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರುಗಳಿದ್ದವು. ಅವುಗಳಲ್ಲಿ ಅವಳು ಒಂದು ಬೀಜಗಣಿತದ ತಂತ್ರಾಂಶ ಹಾಕಿಸಿದ್ದಳು. ಕ್ಯಾಲ್ಕ್ಯುಲೇಟರ್ ಬರೀ ಅಂಕಿ ಕೂಡಿಸುತ್ತದೆ. ಇದು ಎಕ್ಸ್, ವೈಗಳನ್ನು ಹಾಗೆಯೇ ಇಟ್ಟುಕೊಂಡು ಲೆಕ್ಕ ಬಿಡಿಸುತ್ತಿತ್ತು. ಬೇರೆ ಬೇರೆ ದೇಶದವರು ಸೇರಿ ಪುಕ್ಕಟೆ ಕಟ್ಟಿದ್ದು. ಅದರ ಒಳಗಿನ ಬರಹವೆಲ್ಲ ಬಯಲಿಗೇ ಇತ್ತು. ಯಾರು ಬೇಕಾದರೂ ಓದಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು.

ಮಳೆಗಾಲದ ಶುರುವಿನಲ್ಲಿ ಒಂದು ದಿನ ಆ ತಂತ್ರಾಂಶ ಮಾನ ಕಳೆಯಿತು. ಎಕ್ಸ್ ವರ್ಗದ ವರ್ಗಮೂಲ ಎಷ್ಟು ಎಂದು ಕೇಳಿದರೆ, ‘ಎಕ್ಸ್’ ಎಂದು ಥಟ್ಟನೆ ಉತ್ತರ ಬಂತು. ಮುಂದಿನ ಬೆಂಚಿನ ಅನ್ನಪೂರ್ಣಾ ಕೈ ಎತ್ತಿದಳು.

“ಮೇಡಂ, ಎಕ್ಸ್ ಅಂದ್ರ ಮೈನಸ್ ಮೂರು ಇದ್ರ? ಅದರ ವರ್ಗ ಒಂಬತ್ತು, ಒಂಬತ್ತರ ಮೂಲ ಮೂರು. ಇದು ಮೈನಸ್ ಮೂರು ಅಂತೈತಲ್ರಿ?”

ಕ್ಲಾಸೆಲ್ಲ ಹೋ ಎಂದು ನಕ್ಕಿತು. ಬಾಗಿಲಲ್ಲಿ ಕಾಲೇಜಿನ ಕಾರ್ಯದರ್ಶಿ ಶಿವನಪ್ಪನವರು ನಿಂತಿದ್ದು ಯಾರಿಗೂ ಗೊತ್ತಿರಲಿಲ್ಲ.

“ತಪ್ಪು ಉತ್ತರಾ ಹೇಳಾಕ ನಮ್ಮ ಹುಡುಗ್ರು ಸಾಕಷ್ಟು ಅದಾರ‍್ರಿ ಮೇಡಂ,” ಎಂದರು ಅವರು. “ಅದಕ್ಕೊಂದು ಮಶೀನ್ ಬ್ಯಾರೆ ಬೇಕೇನು? ದೀಪಾವಳಿ ಸೂಟಿ ಮುಗಿಯೋದ್ರಾಗ ಇದನ್ನ ಸರಿ ಮಾಡ್ರಿ. ಇಲ್ಲಂದ್ರ ಈ ಕೋಣಿ ಟೈಪಿಂಗ್ ಕ್ಲಾಸಿಗೆ ಕೊಡತೇನಿ.”

ಸಿಟ್ಟಿನ ಮಾತಾಗಿರಲಿಲ್ಲ ಅದು. ಅದಕ್ಕೇ ನಾಹೀದಳಿಗೆ ಹೆಚ್ಚು ಭಯವಾಯಿತು. ಬೀಜಗಣಿತ ಅಂದರೆ ಬಾಯಿಪಾಠ ಎಂದುಕೊಂಡಿದ್ದ ಹುಡುಗಿಯರು ಆ ಕೋಣೆಯಲ್ಲಿ ಕುಳಿತಾಗಷ್ಟೇ ಪ್ರಶ್ನೆ ಕೇಳುತ್ತಿದ್ದರು.

ಬಸ್ ನಿಲ್ದಾಣದ ಎದುರಿಗೆ ಸಾಜೀದನ ಇಂಟರ್ನೆಟ್ ಅಂಗಡಿ. ಅಲ್ಲಿಂದ ಅವಳು ತಂತ್ರಾಂಶ ಕಟ್ಟಿದವರ ಗುಂಪಿಗೆ ಪತ್ರ ಹಾಕಿದಳು. ಹೌದು, ಅದು ಗೊತ್ತಿರುವ ತಪ್ಪು, ಯಾರಾದರೂ ಹೊತ್ತುಕೊಂಡರೆ ಸಂತೋಷ ಎಂದು ಉತ್ತರ ಬಂತು. ನಾಹೀದ ಹೊತ್ತುಕೊಂಡಳು. ಮಳೆಗಾಲವೆಲ್ಲ ಅದೇ ಧ್ಯಾನ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಅದನ್ನೂ ತಿದ್ದಿದಳು, ಅದರಾಚೆಗಿನದನ್ನೂ ತಿದ್ದಿದಳು. ಎಲ್ಲಿಗೆ ಬಂತು ಎಂದು ಗುಂಪಿನವರು ನಡುವೆ ಕೇಳಿದಾಗ, ಮುಗಿದ ಮೇಲೆ ತೋರಿಸುತ್ತೇನೆ ಎಂದಷ್ಟೇ ಬರೆದಳು. ದಸರೆಗೆ ಸ್ವಲ್ಪ ಮೊದಲು ಇಡೀ ಕೆಲಸವನ್ನು ಒಂದೇ ಗಂಟು ಕಟ್ಟಿ ಕಳಿಸಿದಳು.

ಗುಂಪಿನಲ್ಲಿ ಯಾವ ತಿದ್ದುಪಡಿ ಒಳಗೆ ಬರಬೇಕು, ಯಾವುದು ಬೇಡ ಎಂದು ನೋಡುವ ಒಬ್ಬ ಹಿರಿಯರಿದ್ದರು; ಸಮುದ್ರದಾಚೆ ಎಲ್ಲೋ ಇರುವವರು. ಅವರ ಉತ್ತರ ಚಿಕ್ಕದಾಗಿತ್ತು. ‘ಪರಿಶ್ರಮ ಕಾಣುತ್ತದೆ. ಆದರೆ ಇದನ್ನು ತೆಗೆದುಕೊಳ್ಳಲಾರೆ. ಇಷ್ಟು ದೊಡ್ಡದನ್ನು ಯಾರೂ ಓದಿ ಪರೀಕ್ಷಿಸಲಾರರು. ಎಲ್ಲೋ ಕೆಟ್ಟಿದೆ, ಎಲ್ಲೆಂದು ಹೇಳಲು ಬರುತ್ತಿಲ್ಲ. ಮೊದಲೇ ಯಾಕೆ ತೋರಿಸಲಿಲ್ಲ?’

ನಾಹೀದ ಪರದೆ ನೋಡುತ್ತ ಕುಳಿತೇ ಇದ್ದಳು.

“ಯಾಕ ಆಪಾ, ಏನಾತು?” ಸಾಜೀದ ಕೇಳಿದ. “ಮಾರಿ ಹಿಂಗ್ಯಾಕ ಮಾಡೀರಿ?”

“ಒಲ್ಲೆ ಅಂದ್ರಪ.”

“ಹೋಗ್ಲಿ ಬಿಡ್ರಿ. ಚಹಾ ಹೇಳ್ಲೇನು?”

ಮನೆಗೆ ಬಂದಾಗ ಜುಲೇಖಾ ನೇಯುತ್ತಿದ್ದಳು. ಬಾಗಿಲ ಸಪ್ಪಳಕ್ಕೆ ಅವಳ ಕೈ ತಾನಾಗಿ ಚಾದರಕ್ಕೆ ಹೋಯಿತು. ಮಗಳೆಂದು ಕಂಡು ಚಾದರ ಬಿಟ್ಟಳು. ನಾಹೀದ ಹಾಗೆಯೇ ಬಾಗಿಲಲ್ಲಿ ನಿಂತಳು.

“ಅಮ್ಮಾ, ಅರ್ಧಾ ಆಗಿದ್ದು ಯಾಕ ತೋರಸಬಾರದು?”

“ಇದೇನು ಕೇಳತಿ ಬೇಟಿ? ನೋಡಿದವ್ರು ಸುಮ್ನ ಇರತಾರೇನು? ಅಂಚು ಸಣ್ಣದಾತು, ಬಣ್ಣಾ ಕಡಿಮಿ ಆತು ಅಂತಾರ. ಆಮ್ಯಾಲ ಕೈ ಓಡಂಗಿಲ್ಲ.”

“ನಾನೂ ಹಂಗ ಮಾಡೀನಿ. ಅಷ್ಟೂ ಚಾದರದ ಕೆಳಗ ಇಟ್ಟು ನೇಯ್ದೆ.”

“ಚಲೋ ಮಾಡಿದಿ.”

“ಚಲೋ ಆಗಲಿಲ್ಲಮ್ಮಾ, ಅದಽ ಕೆಟ್ಟಿದ್ದು!” ಎಂದು ನಾಹೀದ ನಕ್ಕಳು. ನಗುವಾಗ ಕಣ್ಣಲ್ಲಿ ನೀರೂ ಬಂತು. ಜುಲೇಖಾಳಿಗೆ ಏನೂ ತಿಳಿಯಲಿಲ್ಲ. ಊಟಕ್ಕೇಳು ಎಂದಳು.

ಆ ವಾರ ನಾಹೀದ ತನ್ನ ಗಂಟನ್ನು ಬಿಚ್ಚಿದಳು. ಈ ಕಡೆಯ ಸೀರೆಗಳಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ ಹೂಡುತ್ತಾರೆ. ಆಮೇಲೆ ಕೊಂಡಿ ಹಾಕಿ ಒಂದಕ್ಕೊಂದು ಕೂಡಿಸುತ್ತಾರೆ. ತನ್ನ ಕೆಲಸಕ್ಕೂ ಅಂಥ ಕೊಂಡಿಯ ಜಾಗಗಳು ಎಲ್ಲಿವೆ ಎಂದು ಹುಡುಕಿದಳು. ಹುಡುಕಿದರೆ ಇದ್ದವು. ಮೊದಲ ತುಂಡನ್ನು, ಇನ್ನೂ ಪೂರ್ತಿ ಸಮಾಧಾನವಿಲ್ಲದಿದ್ದರೂ, ಕಣ್ಣು ಮುಚ್ಚಿ ಕಳಿಸಿಬಿಟ್ಟಳು. ಎಕ್ಸ್ ಏನೇ ಇರಲಿ, ಚಿಹ್ನೆ ಬಿಟ್ಟು ಬರೀ ಬೆಲೆ ಹೇಳು ಎನ್ನುವ ತುಂಡು ಅದು.

ಮರುದಿನವೇ ಅದರಲ್ಲಿ ತಪ್ಪು ಸಿಕ್ಕಿತು, ಎಲ್ಲರೂ ಓದುವ ಪತ್ರದಲ್ಲೇ. ಎಕ್ಸ್ ವಾಸ್ತವ ಸಂಖ್ಯೆಯಾದರೆ ಇದು ಸರಿ. ಸಂಕೀರ್ಣ ಸಂಖ್ಯೆಯಾದರೆ ಇದೂ ಸುಳ್ಳು. ನಾಹೀದಳ ಕಿವಿ ಬಿಸಿಯಾಯಿತು. ಆದರೆ ಯಾರೂ ನಕ್ಕಿರಲಿಲ್ಲ. ಪತ್ರದ ಕೊನೆಯಲ್ಲಿ ‘ಚಿಕ್ಕದಾಗಿ ಕಳಿಸಿದ್ದರಿಂದ ಕಣ್ಣಿಗೆ ಬಿತ್ತು, ಉಪಕಾರವಾಯಿತು’ ಎಂದಿತ್ತು. ಮಳೆಗಾಲವೆಲ್ಲ ಕಾಣದ ತಪ್ಪು ಒಂದೇ ದಿನಕ್ಕೆ ಕಂಡಿತ್ತು. ಅವಳ ದೊಡ್ಡ ಗಂಟು ಬುಡದಲ್ಲೇ ಕೆಟ್ಟಿದ್ದು ಅಲ್ಲಿಯೇ. ಅದನ್ನು ತಿದ್ದಿ ಮತ್ತೆ ಕಳಿಸಿದಳು, ಈ ಸಲ ಗುಂಪು ಒಪ್ಪಿ ಒಳಗೆ ತೆಗೆದುಕೊಂಡಿತು.

ದೀಪಾವಳಿ ಸೂಟಿ ಮುಗಿದು ಕಾಲೇಜು ತೆರೆದ ದಿನ ಶಿವನಪ್ಪನವರು ಹೇಳಿದಂತೆ ಬಂದು ಕುರ್ಚಿ ಎಳೆದುಕೊಂಡು ಕುಳಿತರು. ನಾಹೀದ ಹಳೆಯ ಪ್ರಶ್ನೆಯನ್ನೇ ಕೇಳಿದಳು. ಎಕ್ಸ್ ವರ್ಗದ ವರ್ಗಮೂಲ ಎಷ್ಟು? ಪರದೆಯ ಮೇಲೆ ‘ಎಕ್ಸ್ ವರ್ಗದ ವರ್ಗಮೂಲ’ ಎಂದೇ ಬಂತು.

“ಇದೇನ್ರಿ ಇದು? ಕೊಟ್ಟಿದ್ದನ್ನಽ ತಿರುಗಿ ಕೊಡ್ತಲ್ಲ!” ಎಂದರು ಶಿವನಪ್ಪನವರು. “ಮೊದಲ ತಪ್ಪರೆ ಹೇಳತಿತ್ತು, ಈಗ ಬಾಯಽ ಬಿಡವಲ್ದು.”

“ಎಕ್ಸ್ ಎಂಥದ್ದು ಅಂತ ನಾವು ಹೇಳಿಲ್ರಿ ಸರ್. ಗೊತ್ತಿಲ್ಲದ್ದನ್ನ ಗೊತ್ತೈತಿ ಅನ್ನಬಾರದು ಅಂತ ಕಲಿಸೇವಿ.” ಅವಳು ಎಕ್ಸ್ ವಾಸ್ತವ ಸಂಖ್ಯೆ ಎಂದು ಬರೆದು ಮತ್ತೆ ಕೇಳಿದಳು. ಈ ಸಲ ಚಿಹ್ನೆ ಬಿಟ್ಟ ಬೆಲೆ ಬಂತು. ಮೈನಸ್ ಮೂರು ಹಾಕಿದಳು. ಮೂರು.

ಇಲ್ಲಿಗೆ ನಿಲ್ಲಿಸಿದರೆ ಕೋಣೆ ಉಳಿಯುವುದು ಖಾತ್ರಿಯಿತ್ತು. ಆದರೆ ಇನ್ನೊಂದು ತುಂಡಿತ್ತು, ಗುಂಪು ಇನ್ನೂ ಒಪ್ಪದ್ದು.

“ಸರ್, ಇದು ಅರ್ಧಾ ಆಗೈತ್ರಿ. ತಪ್ಪಬಹುದು. ತೋರಿಸ್ಲೇನ್ರಿ?”

“ತಪ್ಪತೈತಿ ಅಂತ ಮೊದಲಽ ಹೇಳಿ ತೋರಸವ್ರನ್ನ ಇವತ್ತಽ ಕಂಡೆ. ತೋರಸ್ರಿ, ನೋಡೂಣು.”

ತೋರಿಸಿದಳು. ಎಕ್ಸ್ ಧನ ಸಂಖ್ಯೆ ಎಂದಾಗ ಎಕ್ಸ್ ಎಂದೇ ಹೇಳಿತು, ಸರಿ. ಅನ್ನಪೂರ್ಣಾ ಮುಂದೆ ಬಾಗಿ, ಎಕ್ಸಿನಿಂದ ಒಂದು ಕಳೆದು, ಅದರ ವರ್ಗದ ಮೂಲ ಕೇಳಿ ನೋಡ್ರಿ ಎಂದಳು. ಕೇಳಿದರೆ, ಚಿಹ್ನೆಯ ಗೊಡವೆಯೇ ಇಲ್ಲದೆ ‘ಎಕ್ಸ್ ಕಳೆ ಒಂದು’ ಎಂದಿತು.

“ಎಕ್ಸ್ ಅಂದ್ರ ಅರ್ಧಾ ಇದ್ರ ಮೈನಸ್ ಬಂತಲ್ರಿ!” ಅನ್ನಪೂರ್ಣಾ ಚಪ್ಪಾಳೆ ತಟ್ಟಿದಳು. ಆಮೇಲೆ ಕಾರ್ಯದರ್ಶಿಗಳ ಮುಖ ನೋಡಿ ಕೈ ಹಿಂದೆ ಕಟ್ಟಿಕೊಂಡಳು.

ಶಿವನಪ್ಪನವರು ಗಲ್ಲ ಕೆರೆದುಕೊಂಡರು.

“ಈಗಿದನ್ನ ಏನ ಮಾಡತೀರಿ?”

“ಇವತ್ತಽ ಗುಂಪಿಗೆ ಬರೀತೇವ್ರಿ. ನಾನಲ್ಲ, ಅನ್ನಪೂರ್ಣಾ ಬರೀತಾಳ. ತಪ್ಪು ಆಕಿಗೆ ಸಿಕ್ಕಿದ್ದು.”

“ನಮ್ಮೂರ ಹುಡುಗಿ ಮಾತು ಕೇಳತಾರೇನ್ರಿ ಅವ್ರು?”

“ನಂದು ಕೇಳ್ಯಾರಲ್ರಿ. ಮೊದಲ ತೋರಿಸಿದ್ನಲ್ಲ, ಆ ಉತ್ತರಾ ಈಗ ಎಲ್ಲಾ ದೇಶದಾಗ ಹಿಂಗಽ ಬರತೈತಿ.”

ಶಿವನಪ್ಪನವರು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿದರು. “ಟೈಪಿಂಗಿನವ್ರಿಗೆ ಲೈಬ್ರರಿ ಬಾಜೂ ಜಾಗಾ ಮಾಡತೇನಿ. ಈ ಕೋಣಿ ನಿಮ್ಮದಽ ಇರಲಿ. ಏ ಹುಡುಗಿ, ಚಲೋತ್ನಾಗ ಬರಿ. ಊರ ಹೆಸರೂ ಹಾಕು.”

ಸಂಜೆ ಸಾಜೀದನ ಅಂಗಡಿಯಲ್ಲಿ ಪತ್ರ ಕಳಿಸಿ, ನಾಹೀದ ಅನ್ನಪೂರ್ಣಾಳನ್ನು ಚಹಾಕ್ಕೆ ಮನೆಗೆ ಕರೆತಂದಳು. ಹೊಸಬಳನ್ನು ಕಂಡದ್ದೇ ಜುಲೇಖಾ ಚಾದರ ಎಳೆದಳು. ನಾಹೀದ ಇನ್ನೊಂದು ತುದಿ ಹಿಡಿದುಕೊಂಡಳು.

“ಬಿಡು ಬೇಟಿ! ನಿನ್ನ ಕಂಪ್ಯೂಟರಿಗೆ ದೃಷ್ಟಿ ತಾಗಂಗಿಲ್ಲ, ನನ್ನ ಮಗ್ಗಕ್ಕ ತಾಗತೈತಿ.”

“ಇಕಿ ಕಣ್ಣು ಭಾಳ ಚಲೋ ಐತಮ್ಮಾ.”

ಜುಲೇಖಾ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಒಂದೇ ಮೂಲೆ, ಗೇಣಗಲ ಮಾತ್ರ, ಮೇಲೆತ್ತಿದಳು. ಕೆಂಪು ಅಂಚು ಹೊಳೆಯಿತು.

“ಇಷ್ಟ ನೋಡು,” ಎಂದಳು. “ಏನರ ತಪ್ಪು ಕಂಡ್ರ ಚಹಾ ಕುಡದಮ್ಯಾಲ ಹೇಳು.”