ಎದೆಯಿಂದ ಎದೆಗೆ

"ಬಳೆ ತೆಗೀರಿ ಅಜ್ಜಿ. ಉಂಗುರಾನೂ ತೆಗೀರಿ. ಕುತ್ತಿಗೇಲಿರೋ ಸರಾನೂ."

ಸಿಸ್ಟರ್ ಚಿಕ್ಕ ವಯಸ್ಸಿನವಳು, ಆದರೆ ಮಾತಿನಲ್ಲಿ ಎರಡನೇ ಸಲ ಹೇಳುವ ಅಭ್ಯಾಸವಿದ್ದಂತೆ ಕಾಣಲಿಲ್ಲ. ಮೂವತ್ತೆಂಟು ವರ್ಷದಿಂದ ಕೈಬಿಟ್ಟು ಇಳಿಯದ ಬಳೆಗಳನ್ನು ಅಜ್ಜಿ ಸೋಪಿನ ನೊರೆ ಹಚ್ಚಿ, ಹಲ್ಲು ಕಚ್ಚಿ ಎಳೆದು ತೆಗೆದಳು. ಕರವಸ್ತ್ರದಲ್ಲಿ ಗಂಟು ಕಟ್ಟಿ ಕೈಚೀಲದ ತಳಕ್ಕೆ ತುರುಕಿದಳು. ಮೊಣಕೈವರೆಗೆ ಮೂರು ಸಲ ತೊಳೆದುಕೊಂಡಳು. ಮುಂದುಗಡೆ ತೆರೆದುಕೊಳ್ಳುವ ಹಸಿರು ನಿಲುವಂಗಿಯನ್ನು ಕೊಟ್ಟರು. ಗುಂಡಿ ಹಾಕಿಕೊಳ್ಳಲು ಹೋದರೆ, "ಹಾಕ್ಬೇಡಿ, ಬಿಚ್ಚೇ ಇರ್ಲಿ" ಎಂದಳು ಸಿಸ್ಟರ್. ಅರವತ್ತಾರರ ಹೆಂಗಸು ನಾಚಿಕೆಯಿಂದ ಮುದುಡಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತಳು.

ಆಮೇಲೆ ಮಗುವನ್ನು ತಂದು ಅವಳ ಬರಿಯ ಎದೆಯ ಮೇಲೆ ಮಲಗಿಸಿದರು. ಆ ನಾಚಿಕೆ ಎಲ್ಲಿ ಹೋಯಿತೋ ಅವಳಿಗೆ ಗೊತ್ತಾಗಲಿಲ್ಲ.

ಒಂದು ಕಿಲೋ ನೂರಾ ಹತ್ತು ಗ್ರಾಂ. ಟೋಪಿ, ಕಾಲುಚೀಲ, ಮೂಗಿನಲ್ಲೊಂದು ಸಣ್ಣ ನಳಿಕೆ, ಪಾದಕ್ಕೆ ಅಂಟಿಸಿದ ತಂತಿ, ಎಲ್ಲ ಸೇರಿಸಿಯೂ ಅದಕ್ಕೊಂದು ತೂಕವಿದೆ ಎನ್ನುವ ಹಾಗಿರಲಿಲ್ಲ. ಬೆನ್ನು ಅಜ್ಜಿಯ ಅಂಗೈಗಿಂತ ಚಿಕ್ಕದು. ಆದರೆ ಆ ಬೆನ್ನಿನೊಳಗೆ ಏನೋ ಒಂದು ಓಡುತ್ತಿತ್ತು, ನಿಲ್ಲದೆ, ದಣಿಯದೆ, ಯಾರ ಅಪ್ಪಣೆಯನ್ನೂ ಕೇಳದೆ. ಮೂರು ಹೆತ್ತವಳು ಅಜ್ಜಿ. ಒಂದು ಹೃದಯ ಇಷ್ಟು ಹತ್ತಿರ, ಇಷ್ಟು ಬರಿದಾಗಿ ಬಡಿಯುವುದನ್ನು ಕಂಡಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಎತ್ತಬಾರದು ಎಂದಿದ್ದರು, ಹಾಗಾಗಿ ಹರಿಯಲು ಬಿಟ್ಟಳು.

"ಎರಡು ತಿಂಗಳು ಮುಂಚೇನೇ ಬಂದ್ಬಿಟ್ಟೆಯಲ್ಲೇ" ಎಂದಳು ಮೆಲ್ಲಗೆ. "ತೊಟ್ಲಿಲ್ಲ, ಬಟ್ಟೆ ಇಲ್ಲ, ನಿಮ್ಮಮ್ಮ ಜ್ವರದಲ್ಲಿ ಮಂಚ ಬಿಟ್ಟು ಎದ್ದಿಲ್ಲ. ಇರ್ಲಿ ಬಿಡು. ಬಂದಿದ್ದು ಬಂದೆ, ಕೂತ್ಕೋ."

ಅವಳ ಬೀದಿಯಲ್ಲಿ ಅವಳ ಹೆಸರೇ ಅದು: ಕೂತ್ಕೋ ಅಜ್ಜಿ. ಮೀಟರು ನೋಡಲು ಬಂದವನಿರಲಿ, ಪೊರಕೆ ಮಾರುವವಳಿರಲಿ, ಮೋರಿ ನೀರಿನ ವಿಚಾರಕ್ಕೆ ಜಗಳ ತೆಗೆಯಲು ಬಂದ ಎದುರು ಮನೆಯವನೇ ಇರಲಿ, ಮೊದಲು ಕೂರಬೇಕು, ಏನಾದರೂ ಬಾಯಿಗೆ ಹಾಕಿಕೊಳ್ಳಬೇಕು, ಆಮೇಲೆ ಮಾತು. ಎದುರು ಮನೆಯವನು ಎರಡು ಲೋಟ ಕಾಫಿ ಕುಡಿದು, ಬಂದ ಕಾರಣ ಮರೆತು ಎದ್ದು ಹೋಗಿದ್ದ. "ನಮ್ಮನೆಗೆ ಕಳ್ಳ ಬಂದ್ರೂ ಉಂಡು ಕೈ ತೊಳ್ಕೊಂಡೇ ಹೋಗೋದು" ಎಂದು ಅಜ್ಜ ಬದುಕಿದ್ದಾಗ ಹಂಗಿಸುತ್ತಿದ್ದ. ಅಜ್ಜಿ ತಲೆ ಕೆಡಿಸಿಕೊಂಡವಳಲ್ಲ. ದೇವರೂ ನೆಂಟರೂ ಹೇಳಿ ಬರುವುದಿಲ್ಲ, ಬರುವುದೂ ಒಂದೇ ಬಾಗಿಲಿನಿಂದ, ಯಾರು ಯಾರೆಂದು ಹೊಸ್ತಿಲಲ್ಲಿ ನಿಂತು ವಿಚಾರಿಸಲು ನಾವ್ಯಾರು ಎನ್ನುವುದು ಅವಳ ನಂಬಿಕೆ. ಬಂದವರನ್ನು ಎಷ್ಟು ದಿನ ಇರುತ್ತೀರಿ ಎಂದು ಮಾತ್ರ ಕೇಳಬಾರದು.

ಆ ಪ್ರಶ್ನೆಯೇ ಈಗ ಗಂಟಲವರೆಗೆ ಬಂದು ನಿಂತಿತ್ತು. ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು: "ಈ ಒಂದು ವಾರ ದಾಟ್ಲಿ ಅಮ್ಮ. ಇಷ್ಟು ಬೇಗ ಹುಟ್ಟಿದ ಮಕ್ಕಳು ಒಂದೊಂದು ಸಲ ಉಸಿರಾಡೋದನ್ನೇ ಮರ್ತುಬಿಡ್ತಾವೆ. ದೊಡ್ಡವರ ಎದೆ ಮೇಲೆ ಇದ್ರೆ, ಆ ಬಿಸಿ, ಆ ಉಸಿರು ಸಿಕ್ಕಿದ್ರೆ, ಜ್ಞಾಪಕ ಇಟ್ಕೊಳ್ತಾವೆ."

ಉಸಿರಾಡುವುದನ್ನೂ ಮರೆಯಬಹುದು ಎನ್ನುವುದು ಅಜ್ಜಿಗೆ ಹೊಸ ಸುದ್ದಿ. ಇಷ್ಟು ವರ್ಷ ತಾನು ಮರೆಯದೆ ಆಡಿಕೊಂಡು ಬಂದದ್ದೇ ದೊಡ್ಡ ವಿಷಯವೆಂದು ಅನಿಸಿತು.

ತೊಂದರೆ ಶುರುವಾದದ್ದು ಆ ಮಧ್ಯಾಹ್ನ. ಕಾವಿನ ಪೆಟ್ಟಿಗೆಗಳು ಕಡಿಮೆ, ಹಗಲಿಡೀ ಮಗು ಯಾರದಾದರೂ ಎದೆಯ ಮೇಲಿರಬೇಕು, ರಾತ್ರಿ ಮಾತ್ರ ಪೆಟ್ಟಿಗೆ. ಮಗಳು ಕೆಳಗಿನ ಮಹಡಿಯಲ್ಲಿ ಸೋಂಕಿನ ಜ್ವರದಲ್ಲಿ. ಅಳಿಯನಿಗೆ ನೆಗಡಿ, ಅವನನ್ನು ಬಾಗಿಲೊಳಕ್ಕೂ ಬಿಟ್ಟಿರಲಿಲ್ಲ. "ದಿನವಿಡೀ ನಿಮ್ಮೊಬ್ಬರಿಗೇ ಆಗಲ್ಲ" ಎಂದಳು ಸಿಸ್ಟರ್. "ಹೊರಗೆ ಬೆಂಚಿನ ಮೇಲೆ ಇನ್ನೊಬ್ಬರು ಅಜ್ಜಿ ಕೂತಿದಾರಲ್ಲ, ಬೆಳಿಗ್ಗೆಯಿಂದ? ಅವರು ನಿಮ್ಮ ಬೀಗಿತ್ತೀನೇ ಅಲ್ವಾ?"

ಬೀಗಿತ್ತಿ ಹೌದು. ಆದರೆ ಈ ಮೂರು ವರ್ಷದಲ್ಲಿ ಇಬ್ಬರ ನಡುವೆ ಒಂದು ಮಾತಿಲ್ಲ, ಕತೆಯಿಲ್ಲ.

ಅವರ ದೇವರು ಬೇರೆ. ಅಜ್ಜಿಯ ದೇವರಿಗೆ ಮುಖವಿದೆ, ಗೂಡಿದೆ, ದಿನ ಬೆಳಗಾದರೆ ದೀಪವಿದೆ. ಬೀಗಿತ್ತಿ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ತುಟಿಯಲ್ಲೇ ಮುಗಿಸುವವಳು. ಮಕ್ಕಳಿಬ್ಬರೂ ಹೇಳದೆ ಕೇಳದೆ ಮದುವೆಯ ರಿಜಿಸ್ಟರಿಗೆ ಸಹಿ ಹಾಕಿ ಬಂದ ಮರುದಿನ, ಶಾಲೆಯ ಸಮವಸ್ತ್ರ ಹೊಲಿಯುವ ಆ ಹೆಂಗಸು ಅಂಗಡಿ ಮುಚ್ಚಿ, ಅಳತೆ ಟೇಪು ಕುತ್ತಿಗೆಯಲ್ಲೇ ಇದ್ದದ್ದನ್ನೂ ಮರೆತು, ಅಜ್ಜಿಯ ಮನೆಗೆ ಬಂದಿದ್ದಳು. ಆಗಿದ್ದು ಆಯ್ತು, ನಾವಾದ್ರೂ ಚೆನ್ನಾಗಿರೋಣ ಎಂದು ಹೇಳಲು ಬಂದಿದ್ದಳು. ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಪೂರ್ತಿ ಕೇಳಿಸಿಕೊಂಡಳು. "ಆಯ್ತು" ಎಂದಳು. ಬಾಗಿಲು ಹಾಕಿಕೊಂಡಳು. ಅವಳ ಜನ್ಮದಲ್ಲಿ ಕೂತ್ಕೋ ಎನಿಸಿಕೊಳ್ಳದೆ ಆ ಹೊಸ್ತಿಲಿನಿಂದ ವಾಪಸು ಹೋದ ಜೀವ ಅದೊಂದೇ. ಅಂದಿನಿಂದ ಅಜ್ಜಿ ಎಷ್ಟು ಜನಕ್ಕೆ ಬಡಿಸಿದರೂ ಒಂದು ಎಲೆ ಎಲ್ಲೋ ಕಮ್ಮಿಯಾದಂತೆ ಇರುತ್ತಿತ್ತು. ಆದರೆ ಹೋಗಿ ಹೇಳುವುದಕ್ಕೆ ಜಂಬ ಬಿಡಬೇಕಲ್ಲ.

ಬೀಗಿತ್ತಿ ಕೈ ತೊಳೆದು, ನಿಲುವಂಗಿ ತೊಟ್ಟು ಒಳಗೆ ಬಂದಳು. ಸಿಸ್ಟರ್ ಕ್ರಮ ಹೇಳಿಕೊಟ್ಟಳು. "ಮಗೂಗೆ ಗಾಳಿ ತಾಕಬಾರದು. ಎದೆಯಿಂದ ಎದೆಗೇ ಹೋಗ್ಬೇಕು. ಇಬ್ಬರೂ ಎದುರೆದುರು ನಿಂತ್ಕೊಳ್ಳಿ. ಹತ್ತಿರ. ಇನ್ನೂ ಹತ್ತಿರ ಬನ್ನಿ ಅಜ್ಜಿ, ಅವರೇನು ಕಚ್ತಾರಾ?"

ಅಜ್ಜಿ ಹೆಜ್ಜೆ ಮುಂದಿಟ್ಟಳು. ಬೀಗಿತ್ತಿ ಸೂಜಿಯಿಂದ ಒರಟಾದ ಬೆರಳುಗಳನ್ನು ಮಗುವಿನ ಕೆಳಗೆ ತೂರಿಸಿದಳು. ಕ್ಷಣಹೊತ್ತು ಇಬ್ಬರ ಮೈಗಳೂ ತಾಗಿದವು, ನಡುವೆ ಮಗು. "ಹಾಗೇ ನಿಂತಿರಿ, ತಂತಿ ಸರಿಮಾಡ್ತೀನಿ" ಎಂದಳು ಸಿಸ್ಟರ್.

"ನಿಂತಿರ್ತೀನಮ್ಮ" ಎಂದಳು ಬೀಗಿತ್ತಿ, ಅಜ್ಜಿಯ ಭುಜದಾಚೆ ನೋಡುತ್ತ. "ಇವರೆದುರು ನಿಲ್ಲೋದು ನನಗೇನು ಹೊಸದಲ್ಲ."

ಅಜ್ಜಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು.

ಮರುದಿನ ಬೀಗಿತ್ತಿ ಒಂದು ಬಟ್ಟೆಯ ಪಟ್ಟಿ ಹೊಲಿದು ತಂದಳು. ಆಸ್ಪತ್ರೆಯ ಪಟ್ಟಿ ಜಾರುತ್ತದೆ, ಮಗುವಿನ ಕುತ್ತಿಗೆ ವಾಲುತ್ತದೆ ಎಂದು ಒಂದೇ ಮಧ್ಯಾಹ್ನದಲ್ಲಿ ಕಂಡುಕೊಂಡಿದ್ದಳು. ಒಗೆದು ಒಗೆದು ಮೆತ್ತಗಾದ ಹಳೆಯ ಬಟ್ಟೆ, ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದ್ದಳು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕುಂದು ಹುಡುಕುವ ಆಸೆಯೇನೋ ಇತ್ತು.

"ಉಲ್ಟಾ ಹೊಲ್ದಿದೀರಿ" ಎಂದಳು ಕಡೆಗೆ. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು.

"ಬೇಕಂತಲೇ. ಹೊಲಿಗೆ ಒಳಗಡೆ ಬಂದ್ರೆ ಮಗೂಗೆ ಒತ್ತುತ್ತೆ. ನೋಡೋರಿಗೆ ಚೆನ್ನಾಗಿರ್ಬೇಕಾ, ಮಗೂಗೆ ಚೆನ್ನಾಗಿರ್ಬೇಕಾ?"

ಅಜ್ಜಿ ಪಟ್ಟಿ ಕಟ್ಟಿಸಿಕೊಂಡು ಕೂತಳು. ಮಗು ಅಲ್ಲಾಡದೆ ಎರಡು ಗಂಟೆ ಮಲಗಿತು. ಹೊಗಳಬೇಕೆನಿಸಿತು, ಹೊಗಳಲಿಲ್ಲ.

ಹಾಗೆ ದಿನಗಳು ಸಾಗಿದವು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಜ್ಜಿ, ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಬೀಗಿತ್ತಿ. ಮೂರನೇ ದಿನ ತೂಕ ಇಪ್ಪತ್ತು ಗ್ರಾಂ ಇಳಿಯಿತು. ನಾಲ್ಕನೇ ದಿನ ಹದಿನೈದು ಗ್ರಾಂ ಏರಿತು. ಆ ಹದಿನೈದು ಗ್ರಾಂ ಯಾರ ಪಾಳಿಯದು ಎಂದು ಅಜ್ಜಿ ಸಿಸ್ಟರನ್ನು ಗುಟ್ಟಾಗಿ ಕೇಳಿದಳು. "ಹಾಲಿಂದು ಅಜ್ಜಿ" ಎಂದು ಸಿಸ್ಟರ್ ನಕ್ಕಳು. ಬೀಗಿತ್ತಿಯೂ ಅದನ್ನೇ ಕೇಳಿದ್ದಳಂತೆ.

ಅಜ್ಜಿಯ ಪ್ರಾರ್ಥನೆಯೂ ಬದಲಾಗುತ್ತಿತ್ತು. ಅವಳು ದೇವರ ಹತ್ತಿರ ಜನ್ಮವೆಲ್ಲ ಚೌಕಾಶಿ ಮಾಡಿದವಳು. ಇದು ಕೊಡು, ಅದು ಮಾಡುತ್ತೇನೆ. ಈಗ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರೆ ಕೇಳುವುದಕ್ಕೇ ಬಾಯಿ ಬರುತ್ತಿರಲಿಲ್ಲ. ಎದೆಯ ಮೇಲೆ ಆ ಸಣ್ಣ ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಇದನ್ನು ಕಲಿಸಿದವರು ಯಾರು? ಇಷ್ಟು ದೊಡ್ಡದೊಂದು ಇಷ್ಟು ಚಿಕ್ಕ ಜಾಗದಲ್ಲಿ ಹೇಗೆ ಹಿಡಿಯಿತು? ಬೆರಗಾಗಿ ಕೂತಿರುವುದೇ ಪೂಜೆಯಾಗುತ್ತಿತ್ತು. ಒಂದು ದಿನ ಕಾರಿಡಾರಿನ ಕೊನೆಯಲ್ಲಿ ಬೀಗಿತ್ತಿ ಗೋಡೆಗೆ ಮುಖ ಮಾಡಿ ನಿಂತದ್ದನ್ನು ಕಂಡಳು. ಅವಳ ತುಟಿಗಳೂ ಅಲುಗುತ್ತಿರಲಿಲ್ಲ.

ಆರನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅಜ್ಜಿಗೆ ಎದೆಯ ಮೇಲೆ ಏನೋ ನಿಂತಂತಾಯಿತು. ಒಳಗೆ ಹೋದ ಉಸಿರು ಹೊರಗೆ ಬರಲಿಲ್ಲ. ಅವಳು ಕಾದಳು. ಬರಲಿಲ್ಲ. ಪಾದದ ತಂತಿಯ ತುದಿಯ ಯಂತ್ರ ಕೂಗಿಕೊಂಡಿತು. ಸಿಸ್ಟರ್ ಓಡಿ ಬಂದು ಕಾಲುಚೀಲ ಎಳೆದು, ಅಂಗಾಲಿಗೆ ಬೆರಳಿನಿಂದ ಚಿಮ್ಮಿದಳು. ಮತ್ತೊಮ್ಮೆ ಚಿಮ್ಮಿದಳು, ಬೆನ್ನು ಉಜ್ಜಿದಳು. ಮಗುವಿನ ತುಟಿಯ ಬಣ್ಣ ತಿರುಗಿತ್ತು. ಮೂರನೇ ಸಲಕ್ಕೆ ಮಗು ಮೈಯೆಲ್ಲ ಬೆಚ್ಚಿ, ಸೇದಿಕೊಂಡು, ಉಸಿರು ಬಿಟ್ಟಿತು.

"ಬಂತು, ಬಂತು. ಏನಾಗಿಲ್ಲ" ಎಂದಳು ಸಿಸ್ಟರ್. ಇಪ್ಪತ್ತು ಸೆಕೆಂಡು ಇರಬಹುದು. "ತಗೊಳ್ಳಮ್ಮ, ತಗೋ" ಎಂದು ಅಜ್ಜಿ ಮಗುವನ್ನು ಆಗ ಖಾಲಿಯಿದ್ದೊಂದು ಕಾವಿನ ಪೆಟ್ಟಿಗೆಗೆ ಹಾಕಿಸಿ, ಹೊರಗೆ ಹೋಗಿ ಬೆಂಚಿನ ಮೇಲೆ ಕುಸಿದಳು.

ಬೀಗಿತ್ತಿ ಬಂದಾಗಲೂ ಹಾಗೆಯೇ ಕೂತಿದ್ದಳು. "ಇನ್ನು ನೀವೇ ಇಟ್ಕೊಳ್ಳಿ. ನನ್ನ ಹತ್ರ ಬೇಡ."

"ಯಾಕೆ?"

"ಅವತ್ತು ನಿಮ್ಮನ್ನ ಬಾಗಿಲಲ್ಲೇ ನಿಲ್ಸಿ ಕಳಿಸಿದೆ. ಒಂದು ಲೋಟ ನೀರೂ ಕೊಡ್ಲಿಲ್ಲ. ಅದಕ್ಕೇ ದೇವರು ಈ ಅತಿಥೀನ ನನ್ನ ಎದೆ ಮೇಲಿಂದಲೇ ವಾಪಸ್ ಕರ್ಕೊಳ್ತಿದಾನೆ. ತಪ್ಪು ನಂದು."

ಬೀಗಿತ್ತಿ ಪಕ್ಕದಲ್ಲಿ ಕೂತಳು.

"ನಿಮ್ಮ ದೇವರು ಅಷ್ಟು ಸಣ್ಣ ಮನಸ್ಸಿನವನಾ?" ಎಂದಳು. "ನನಗೆ ಕೋಪ ಇಲ್ಲ ಅಂತಲ್ಲ, ಇದೆ. ಆ ದಿನ ಬೀದಿ ಕೊನೆ ತನಕ ಅಳ್ತಾ ಹೋದೆ. ಆದ್ರೆ ಅದು ನನ್ನ ಕೋಪ, ನನ್ನ ಹತ್ರ ಇದೆ. ಅದನ್ನ ಯಾಕೆ ಮಗು ತಲೆ ಮೇಲೆ ಹೊರಿಸ್ತೀರಿ?"

ಅಜ್ಜಿ ಮುಖ ಮುಚ್ಚಿಕೊಂಡಳು.

"ಮೊನ್ನೆ ನನ್ನ ಎದೆ ಮೇಲೂ ಮರ್ತಿತ್ತು" ಎಂದಳು ಬೀಗಿತ್ತಿ. "ನೀವು ಹೆದರ್ತೀರಿ ಅಂತ ಸಿಸ್ಟರಿಗೆ ಹೇಳ್ಬೇಡಿ ಅಂದೆ. ಜೀವವೇ ಹೋದ ಹಾಗಾಯ್ತು ನನಗೆ. ಆದ್ರೂ ಎದ್ದು ಹೋಗ್ಲಿಲ್ಲ. ಮರ್ತ್ರೆ ಮತ್ತೆ ಜ್ಞಾಪಿಸ್ಬೇಕು. ನಾವಿರೋದು ಇನ್ಯಾತಕ್ಕೆ? ನಾಳೆ ಬೆಳಿಗ್ಗೆ ಬರ್ತೀರಿ ತಾನೇ?"

"ತಪ್ಪಾಯ್ತು" ಎಂದಳು ಅಜ್ಜಿ. ಆ ಮಾತನ್ನು ಅವಳು ಅಜ್ಜನಿಗೂ ಹೇಳಿದವಳಲ್ಲ.

"ಗೊತ್ತು" ಎಂದು ಬೀಗಿತ್ತಿ ಕೈ ತೊಳೆಯಲು ಎದ್ದಳು.

ಏಳನೇ ದಿನ ಅಜ್ಜಿ ಎಂದಿಗಿಂತ ಅರ್ಧ ಗಂಟೆ ಮೊದಲೇ ಬಂದಳು. ಮಗುವನ್ನು ಎದೆಗೆ ಕಟ್ಟಿಸಿಕೊಂಡಳು. ಏನನ್ನೂ ಬೇಡಲಿಲ್ಲ. ತಾನು ಆಳವಾಗಿ ಉಸಿರೆಳೆದು ಬಿಡುತ್ತ, ನೋಡು ಹೀಗೆ, ನೋಡು ಹೀಗೆ ಎನ್ನುವಂತೆ ಮಧ್ಯಾಹ್ನದವರೆಗೂ ಕೂತಳು. ಯಂತ್ರ ಒಮ್ಮೆಯೂ ಕೂಗಲಿಲ್ಲ.

ಬೀಗಿತ್ತಿ ಬಂದಳು. ಇಬ್ಬರೂ ಎದುರೆದುರು ನಿಂತರು. ಹತ್ತಿರ ಬನ್ನಿ ಎಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಪಟ್ಟಿ ಬಿಚ್ಚಿ, ಬೀಗಿತ್ತಿ ಕೈ ಒಳಗೆ ತೂರಿಸಿ, ಮಗುವನ್ನು ತನ್ನ ಕಡೆಗೆ ಸರಿಸಿಕೊಳ್ಳಲು ನೋಡಿದಳು. ಮಗು ಬರಲಿಲ್ಲ.

"ತಡೀರಿ" ಎಂದಳು ಅಜ್ಜಿ. "ಹಿಡ್ಕೊಂಡಿದೆ."

ಅಜ್ಜಿಯ ಕುತ್ತಿಗೆಯ ಬುಡದಲ್ಲಿ ವಯಸ್ಸಿಗೆ ಜೋತುಬಿದ್ದ ಚರ್ಮ. ಅದನ್ನು ಆ ಮುಷ್ಟಿ ಹಿಡಿದುಕೊಂಡಿತ್ತು. ಬೆರಳುಗಳು ಎಷ್ಟು ಸಣ್ಣವೆಂದರೆ ಉಗುರಿವೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು. ಆದರೆ ಆ ಹಿಡಿತ ಅಜ್ಜಿಗೆ ನೋಯುತ್ತಿತ್ತು. ನಿನ್ನೆ ಉಸಿರು ಬಿಟ್ಟುಕೊಟ್ಟ ಜೀವ ಇವತ್ತು ನೋಯುವಷ್ಟು ಬಿಗಿಯಾಗಿ ಹಿಡಿದಿತ್ತು.

ಬೀಗಿತ್ತಿ ಬಗ್ಗಿ ನೋಡಿದಳು. ಅವಳ ಹಣೆ ಅಜ್ಜಿಯ ಹಣೆಗೆ ತಗುಲಿತು, ಅಲ್ಲೇ ಉಳಿಯಿತು.

"ಬಿಡಿಸ್ಲಾ?" ಎಂದು ಪಿಸುಗುಟ್ಟಿದಳು.

"ಬಿಡಿಸ್ಬೇಡಿ" ಎಂದಳು ಸಿಸ್ಟರ್ ಹಿಂದಿನಿಂದ, ಎಂದಿನ ಧಾಟಿಯಲ್ಲಲ್ಲ. "ತಾನಾಗೇ ಬಿಡುತ್ತೆ. ಹಾಗೇ ಇರಿ."

ಹಾಗೇ ಇದ್ದರು. ಕಾಲು ನೋಯುವಷ್ಟು ಹೊತ್ತಾಯಿತು. ಕಾರಿಡಾರಿನಲ್ಲಿ ಊಟದ ಗಾಡಿ ಸದ್ದು ಮಾಡುತ್ತ ಹೋಗಿ, ತಿರುಗಿ ಬಂತು. ಇಬ್ಬರು ಮುದುಕಿಯರ ಉಸಿರು ನಿಧಾನವಾಗಿ, ನಡುವೆ ಆ ಮೂರನೆಯದು ಅವಸರವಾಗಿ ಹೋಗಿ ಬರುತ್ತಿತ್ತು. ಬೆರಳುಗಳು ಬಿಡಲಿಲ್ಲ. ಇಬ್ಬರೂ ಅಲುಗಲಿಲ್ಲ.