ಅಪ್ಪನ ಬಾಯಲ್ಲಿ ಉಳಿದ ಬೈಗುಳ

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆದಾಗ ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಒಂದು ಬೈಗುಳ. ಕೆಲವರಿಗೆ ಹೀಗಾಗುವುದುಂಟು, ಎಲ್ಲ ಮಾತು ಅಳಿಸಿಹೋದರೂ ಬೈಗುಳ ಮಾತ್ರ ಉಳಿದುಬಿಡುತ್ತದೆ ಎಂದರು ಡಾಕ್ಟರು. ಜೀವಮಾನವೆಲ್ಲ ಕುರಿಗಳ ಉಣ್ಣೆ ಕತ್ತರಿಸಿದ ನನ್ನಪ್ಪ ಕ್ಲಾರಿಯ ಬಾಯಲ್ಲಿ ಇನ್ನೇನು ಉಳಿದೀತು? “ಬೋಳೀಮಗ.” ಹಸಿವಾದರೂ ಬೋಳೀಮಗ, ಸಂಜೆಗೆ ನದಿ ಕೆಂಪಾದರೂ ಬೋಳೀಮಗ. ಒಬ್ಬಳೇ ಮಗಳಾದ ನಾನು ದನಿಯಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದೆ. ಉದ್ದಕ್ಕೆ ಎಳೆದರೆ ಟೀ, ಮೊಟಕಾದರೆ ನೋವು, ಮೆತ್ತಗಿದ್ದರೆ ಪ್ರೀತಿ.

ನಮ್ಮ ಡಾರ್ಲಿಂಗ್ ನದಿಯ ದಂಡೆಯಲ್ಲಿ ಬಯ್ಯದೆ ಪ್ರೀತಿಸುವುದು ಯಾರಿಗೂ ಗೊತ್ತಿಲ್ಲ. ಉಣ್ಣೆ ಶೆಡ್ಡಿನ ಮೇಸ್ತ್ರಿ ನೆವ್ ತನ್ನ ಜೀವದ ಗೆಳೆಯನನ್ನು ಕರೆಯುವ ಹೆಸರುಗಳನ್ನು ಬರೆದರೆ ಕಾಗದ ಹೊತ್ತಿಕೊಂಡೀತು. ಅದೇ ನೆವ್ ಯಾರಿಗಾದರೂ “ತಮ್ಮಿಂದ ಬಹಳ ಉಪಕಾರವಾಯಿತು” ಎಂದನೋ, ಆ ಮನುಷ್ಯ ಅಂದೇ ಗಂಟುಮೂಟೆ ಕಟ್ಟುವುದು ಒಳ್ಳೆಯದು.

ಇಂಥಲ್ಲಿಗೆ ಅಮೆರಿಕದ ಐಡಾಹೊ ಕಡೆಯಿಂದ ಆರಿನ್ ಬಂದ. ಐವತ್ತು ದಾಟಿದವನು, ಹೆಂಡತಿ ಸತ್ತು ಬಹಳ ಕಾಲವಾದವನು. ಅವನೂ ಉಣ್ಣೆ ಕತ್ತರಿಸುವವನೇ. ಆದರೆ ಚಿಕ್ಕಂದಿನಲ್ಲಿ ಕೆಟ್ಟ ಮಾತಾಡಿದರೆ ಸೋಪು ಹಾಕಿ ಬಾಯಿ ತೊಳೆಸುತ್ತಿದ್ದ ಮನೆಯಲ್ಲಿ ಬೆಳೆದವನು. ಎಲ್ಲರಿಗೂ ಸರ್, ಮೇಡಂ. ಉಣ್ಣೆ ಕತ್ತರಿಸಿದ ಕುರಿಯನ್ನು ಹೊರಗೆ ಬಿಡುವಾಗ ಅದಕ್ಕೂ ಒಂದು ಥ್ಯಾಂಕ್ಸ್.

ಬಂದ ಎರಡನೇ ದಿನವೇ ನೆವ್ ಕೂಗಿದ. “ಏಯ್ ಸೋಂಬೇರಿ ಬೋಳೀಮಗನೆ, ಆಗ್ಲಿಂದ ಒಂದೇ ಕುರಿ ತಬ್ಕೊಂಡು ಕೂತಿದೀಯಲ್ಲೋ, ಮದ್ವೆ ಗಿದ್ವೆ ಆಗ್ತೀಯಾ?”

ಆರಿನ್ ಕೈ ನಿಲ್ಲಿಸಿದ. “ನಮ್ಮಮ್ಮ ನಿಮಗೇನು ಮಾಡಿದ್ರು ಸರ್?”

ನೆವ್ ಕಿವಿಯವರೆಗೆ ಕೆಂಪಾದ. “ಅಯ್ಯೋ ಮಾರಾಯ, ನೀನಂದ್ರೆ ಇಷ್ಟ ಅಂತ ಹೇಳ್ದೆ ಕಣೋ!”

ನಾನು ಮೇಜಿನ ಮೇಲೆ ಉಣ್ಣೆ ಹರವಿ ವಿಂಗಡಿಸುತ್ತ ಎಲ್ಲ ನೋಡುತ್ತಿದ್ದೆ. ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು, ಅದರಲ್ಲಿ ಉಣ್ಣೆಯ ಎಳೆಗಳು ಕೆಳಗೆ ಬೀಳಲು ಮನಸ್ಸಿಲ್ಲದೆ ತೇಲುತ್ತಿದ್ದವು. ಆ ಬೆಳಕಿನ ಆಚೆಯಿಂದ “ಮೇಡಂ” ಎಂದು ಅವನು ಉಣ್ಣೆ ಚಾಚಿದಾಗಲೆಲ್ಲ ನಲವತ್ತಾರರ ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎಂಟು ವಾರ ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಸಂಜೆ ನದಿಯ ಹತ್ತಿರ ಕೂತರೆ ನೀರು ಹರಿಯುತ್ತಿದೆಯೋ ನಾವೇ ಹಿಂದಕ್ಕೆ ಸರಿಯುತ್ತಿದ್ದೇವೆಯೋ ತಿಳಿಯುತ್ತಿರಲಿಲ್ಲ. ಅಂಥ ಒಂದು ಸಂಜೆ ಅವನು ಮದುವೆಗೆ ಕೇಳಿದ, ನಾನು ಹೂಂ ಅಂದೆ.

“ನಿಮ್ಮ ತಂದೇನೂ ಒಪ್ಪಬೇಕು ವಿಲ್ಮಾ. ಅವರಿಗೆ ಇಷ್ಟವಿಲ್ಲದ ಮನೇಲಿ ನಾನಿರಲ್ಲ. ಅವರು ಬೇಡ ಅಂದ್ರೆ ಗುರುವಾರದ ಬಸ್ಸಿಗೆ ಊರಿಗೆ ಹೊರಡ್ತೀನಿ.”

“ಅಪ್ಪನ ಹತ್ರ ಇರೋದು ಒಂದೇ ಮಾತು, ನಿನಗೇ ಗೊತ್ತಲ್ಲ.”

“ಮನಸ್ಸಿದ್ರೆ ಕಣ್ಣಲ್ಲಾದ್ರೂ ಹೇಳ್ತಾರೆ.”

ಭಾನುವಾರ ಮಧ್ಯಾಹ್ನ ಇಸ್ತ್ರಿ ಅಂಗಿ ಹಾಕಿ, ಟೋಪಿ ಕೈಯಲ್ಲಿ ಹಿಡಿದು ಜಗಲಿಗೆ ಬಂದ. ಅಪ್ಪ ಕುರ್ಚಿಯಲ್ಲಿದ್ದ. ನಾನು ಒಳಗೆ ಬಾಗಿಲ ಸಂದಿಯಲ್ಲಿ. “ಸರ್, ನಿಮ್ಮ ಮಗಳನ್ನ ಮದುವೆಯಾಗೋಕೆ ನಿಮ್ಮ ಒಪ್ಪಿಗೆ ಬೇಕು.” ಅಪ್ಪ ಅವನನ್ನು ನೋಡಲಿಲ್ಲ. ಬಿಸಿಲಲ್ಲಿ ನಡುಗುತ್ತಿದ್ದ ನದಿಯನ್ನೇ ಬಹಳ ಹೊತ್ತು ನೋಡಿ, ಮೆತ್ತಗೆ ಹೇಳಿದ.

“ಬೋಳೀಮಗ.”

“ಥ್ಯಾಂಕ್ಯೂ ಸರ್,” ಎಂದು ಆರಿನ್ ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ.

ಕಾದ ನೆಲದ ಮೇಲೆ ಬರಿಗಾಲಲ್ಲಿ ಅವನ ಕೋಣೆಗೆ ಓಡಿದೆ. ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದ.

“ಅದು ಹೂಂ ಅಂತ ಕಣೋ ದಡ್ಡ! ಮೆತ್ತಗೆ ಅಂದ್ರೆ ಹೂಂ ಅಂತ.”

“ನನ್ನ ಮುಖಾನೂ ನೋಡ್ಲಿಲ್ಲ. ಹಾವು ಕಂಡಾಗ್ಲೂ ಅದೇ ಮಾತು, ನಾನು ಕೇಳಿದೀನಿ. ಇದು ಹೂಂ ಅಂತ ನಿಮಗೆ ಹೇಗೆ ಗೊತ್ತು?”

ಹೌದು, ಹೇಗೆ ಗೊತ್ತು? ಎರಡು ವರ್ಷ ನನಗೆ ಬೇಕಾದ ಅರ್ಥವನ್ನು ನಾನೇ ತುಂಬಿಕೊಂಡು ಬಂದಿದ್ದೆನೇನೋ. ಟೀ ಕೈಗಿಟ್ಟಾಗಲೆಲ್ಲ ಅಪ್ಪ ಕೇಳಿದ್ದು ಬೇರೆಯೇ ಇತ್ತೇನೋ. ಜೊತೆಯಲ್ಲಿದ್ದೂ ಅವನನ್ನು ಒಂಟಿ ಮಾಡಿದ್ದೆನಾ ಎಂದು ಹೆದರಿಕೆಯಾಯಿತು.

“ಬಾ, ಇನ್ನೊಂದ್ಸಲ ಕೇಳೋಣ.”

“ಇನ್ನೊಂದ್ಸಲ ಬೈಸ್ಕೊಳ್ಳೋಕಾ?”

“ಹೂಂ. ಈ ಸಲ ನಾನೂ ಪಕ್ಕದಲ್ಲಿರ್ತೀನಿ.”

ಜಗಲಿಯಲ್ಲಿ ಅಪ್ಪನ ಮುಂದೆ ಮಂಡಿಯೂರಿದೆ. “ಅಪ್ಪ, ಇವನು ಹೊರಟುನಿಂತಿದಾನೆ. ನೀನು ಬೇಡ ಅಂದೆ ಅಂತ ತಿಳ್ಕೊಂಡಿದಾನೆ.”

ಅಪ್ಪ ಗಾಬರಿಯಾದ. ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಬೈಗುಳ ತುಟಿಯವರೆಗೆ ಬಂದದ್ದು ನನಗೆ ಕಾಣಿಸಿತು. ಅವನು ಅದನ್ನು ನುಂಗಿದ. ಮತ್ತೆ ಬಂತು, ಮತ್ತೆ ನುಂಗಿದ. ಹಣೆಯಲ್ಲಿ ಬೆವರೊಡೆಯಿತು, ದವಡೆ ಅತ್ತಿತ್ತ ಹೊರಳಿತು. ಗಿಳಿಗಳ ಹಿಂಡೊಂದು ನದಿ ದಾಟಿ ಹೋಯಿತು. ಆಮೇಲೆ ಬಾವಿಯ ತಳದಿಂದ ಬಂದಂತೆ ಒಂದು ದನಿ ಬಂತು.

“ಸ... ಸರ್.”

ನನ್ನಪ್ಪ ಹುಟ್ಟಿದಂದಿನಿಂದ ಯಾರಿಗೂ ಸರ್ ಅಂದವನಲ್ಲ. ಅನ್ನಲಿಲ್ಲವೆಂದೇ ಹರೆಯದಲ್ಲಿ ಸೈನ್ಯದಲ್ಲಿದ್ದಾಗ ಎರಡು ಸಲ ಶಿಕ್ಷೆ ಉಂಡವನು. ಈಗ ಆರಿನ್‌ನ ಮುಖವನ್ನೇ ನೋಡುತ್ತ, ಅವನಿಗೆ ಅರ್ಥವಾಗುವ ಮಾತಿನಲ್ಲಿ ಅವನನ್ನು ಕರೆದಿದ್ದ. ಆರಿನ್ ಕುಕ್ಕರಿಸಿ ಅಪ್ಪನ ಸತ್ತ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಸುಳ್ಳು ಯಾಕೆ, ಆ ಕ್ಷಣ ನನಗೆ ಹೊಟ್ಟೆ ಉರಿಯಿತು. ಎರಡು ವರ್ಷ ದಿನಾ ಬೆಳಗ್ಗೆ ಅಪ್ಪನ ಮುಖ ತೊಳೆಸಿ, “ವಿಲ್ಮಾ ಅನ್ನಪ್ಪ, ಒಂದೇ ಒಂದ್ಸಲ” ಎಂದು ಗೋಗರೆದಿದ್ದೆ. ನನ್ನ ಹೆಸರಿಗೆ ಏಳದ ಆ ನಾಲಿಗೆ, ನನ್ನನ್ನು ಬಿಟ್ಟು ಹೊರಟವನನ್ನು ನಿಲ್ಲಿಸಲು ಎದ್ದಿತ್ತು. ಅಪ್ಪ ನನ್ನ ಕಡೆ ತಿರುಗಿ, ಸರಿಯಾಗಿ ಹೇಳಿದೆನಾ ಎಂಬಂತೆ ನೋಡಿದ. ನಾನು ಅವನ ತಲೆಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟೆ.